ಹೊಸ ಟೈರ್ ಹಾಕಿಸುವ ಮೊದಲು ಆ ನಾಲ್ಕು ಅಂಕಿ ನೋಡಿ

ಮಂಗಳೂರು, ಉಡುಪಿ ಕಡೆಯವರು ಮಳೆಗಾಲಕ್ಕೆ ಮುಂಚೆ ಕಾರಿನ ಟೈರ್ ಬದಲಿಸುವ ಯೋಚನೆಯಲ್ಲಿದ್ದರೆ ಐದು ನಿಮಿಷ ಇದನ್ನು ಓದಿ. ಹೊಸದು ಅಂತ ದುಡ್ಡು ಕೊಟ್ಟು ನಾನು ಹಾಕಿಸಿಕೊಂಡದ್ದು ಸುಮಾರು ಆರು ವರ್ಷ ಹಳೆಯ ಟೈರ್. ಟೈರ್ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿ ಅದರ ಬದಿಯಲ್ಲೇ ಇತ್ತು, ನಾನು ನೋಡಿರಲಿಲ್ಲ. ಅದು ಗೊತ್ತಾಗಲು ಕಾರು ಡಿವೈಡರಿಗೆ ಹೋಗಿ ಬಡಿಯಬೇಕಾಯಿತು.

2024ರ ಮೇ ತಿಂಗಳು. ಹಳೆ ಟೈರ್ ಬೋಳಾಗಿತ್ತು. ಮಳೆ ಶುರುವಾಗುವ ಮೊದಲು ನಾಲ್ಕನ್ನೂ ಬದಲಿಸೋಣ ಅಂತ ಮಂಗಳೂರಿನ ಒಂದು ಟೈರ್ ಅಂಗಡಿಗೆ ಹೋದೆ. ಹೆಸರು ಬೇಡ. ನನಗೆ ಬೇಕಾಗಿದ್ದದ್ದು ಒಂದೇ, ಬಾಳಿಕೆ. ದಿನಾ ಸುರತ್ಕಲ್‌ನಿಂದ ಪಂಪ್‌ವೆಲ್‌ವರೆಗೆ ಓಡಾಟ, ವಾರಕ್ಕೊಮ್ಮೆ ಉಡುಪಿ. ಜಾಸ್ತಿ ಕಿಲೋಮೀಟರ್ ಬರುವ ಟೈರ್ ಕೊಡಿ ಅಂದೆ.

ಅಂಗಡಿಯವರು ಒಳಗಿಂದ ಒಂದು ಟೈರ್ ಉರುಳಿಸಿಕೊಂಡು ಬಂದರು. "ಇದು ಫಾರಿನ್ ಮಾಲು ಸರ್. ಆಲ್ ಸೀಸನ್. ಮಳೆಗೂ ಆಗ್ತದೆ, ಬಿಸಿಲಿಗೂ ಆಗ್ತದೆ, ಹಿಮ ಬಿದ್ರೂ ಆಗ್ತದೆ" ಅಂದರು. ಮಂಗಳೂರಿನಲ್ಲಿ ಹಿಮ ಯಾವಾಗ ಬೀಳುವುದು ಅಂತ ನಾನು ನಕ್ಕೆ. ಅವರೂ ನಕ್ಕರು. "ಹಿಮಕ್ಕೇ ಆಗುವುದು ನಮ್ಮ ಮಳೆಗೆ ಆಗುವುದಿಲ್ವಾ?" ಅಂದರು. ಮಾತು ಸರಿ ಅನ್ನಿಸಿತು. ಟೈರ್ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಹೊಸ ಟೈರಿನ ಮೇಲಿರುತ್ತದಲ್ಲ, ಸಣ್ಣ ಸಣ್ಣ ರಬ್ಬರ್ ಕೂದಲು, ಅದೂ ಇತ್ತು. ಬಟನ್, ಅಂದರೆ ರಸ್ತೆಗೆ ತಾಗುವ ಮೈಯ ಉಬ್ಬು ಅಚ್ಚು, ಆಳವಾಗಿತ್ತು. ಇನ್ನೇನು ನೋಡುವುದು?

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಆಗ ಕಾರಿನ ಟೈರ್‌ಗೆ ಜಿಎಸ್‌ಟಿ 28 ಪರ್ಸೆಂಟ್ ಇತ್ತು. ಬಿಲ್ ಬೇಡ ಅಂದರೆ ಕಡಿಮೆ ಆಗುತ್ತದೆ ಅಂದರು, ನಾನು ತಲೆಯಾಡಿಸಿದೆ. ಕೊಟ್ಟದ್ದು ಒಂದು ತುಂಡು ಚೀಟಿ. ಅದರಲ್ಲಿ "ಟೈರ್ 4" ಅಂತ ಬರೆದು ಮೊತ್ತ ಹಾಕಿದ್ದರು, ಅಷ್ಟೇ.

ಜುಲೈ ಕೊನೆ. ಆಟಿ ತಿಂಗಳು. ಅಮ್ಮ ಪತ್ರೊಡೆ ಮಾಡಿದ್ದರು. ಕಾಪುವಿನಲ್ಲಿರುವ ತಂಗಿಗೆ ಕೊಟ್ಟು ಬರೋಣ ಅಂತ ಹೊರಟೆವು. ಪಡುಬಿದ್ರಿ ದಾಟಿ ಉಚ್ಚಿಲ ಬರುತ್ತಿತ್ತು. ದೊಡ್ಡ ಮಳೆ ಬಂದು ಹೋಗಿ ಹನಿ ಮಾತ್ರ ಉಳಿದಿತ್ತು. ರಸ್ತೆಯಲ್ಲಿ ನೀರು ನಿಂತಿರಲಿಲ್ಲ, ಒದ್ದೆ ಇತ್ತು. ನನ್ನ ಸ್ಪೀಡು ಎಪ್ಪತ್ತರ ಆಸುಪಾಸು. ಎದುರಿದ್ದ ಎಕ್ಸ್‌ಪ್ರೆಸ್ ಬಸ್ ಒಮ್ಮೆಲೇ ನಿಂತಿತು. ನಮ್ಮ ಹೆದ್ದಾರಿಯಲ್ಲಿ ಕಾರು ಓಡಿಸುವವರಿಗೆ ಇದು ಹೊಸತಲ್ಲ. ಕೈ ಅಡ್ಡ ಮಾಡಿದವರು ಕಂಡರೆ ಸಾಕು, ಅದೇ ಸ್ಟಾಪು.

ನಾನು ಬ್ರೇಕ್ ಒತ್ತಿದೆ. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕಾಲಿನ ಕೆಳಗೆ ಕಟಕಟ ಅನ್ನತೊಡಗಿತು. ಕಾರು ನಿಲ್ಲಲಿಲ್ಲ. ಎಣ್ಣೆ ಚೆಲ್ಲಿದ ನೆಲದ ಮೇಲೆ ಮಣೆ ಜಾರಿದ ಹಾಗೆ ಹೋಗುತ್ತಲೇ ಇತ್ತು. ಬಸ್ಸಿನ ಹಿಂದಿನ ಗಾಜು ದೊಡ್ಡದಾಗುತ್ತಾ ಬಂತು. ಬಲಕ್ಕೆ ತಿರುಗಿಸಿದೆ. ಹಿಂದಿನ ಚಕ್ರ ಎಡಕ್ಕೆ ಎಳೆಯಿತು, ಮುಂದಿನ ಬಲಚಕ್ರ ಡಿವೈಡರ್ ಕಲ್ಲಿಗೆ ಹೊಡೆದು ನಿಂತಿತು. ರಿಮ್ ಬೆಂಡು, ಟೈರ್ ಠುಸ್. ಅಮ್ಮನ ಮಡಿಲಿನಲ್ಲಿದ್ದ ಟಿಫಿನ್ ಕ್ಯಾರಿಯರ್ ಹಾರಿ ಡ್ಯಾಶ್‌ಬೋರ್ಡ್ ತುಂಬ ಪತ್ರೊಡೆ. ಯಾರಿಗೂ ಪೆಟ್ಟಾಗಲಿಲ್ಲ. ಹಿಂದಿನಿಂದ ಲಾರಿ ಬರುತ್ತಿದ್ದಿದ್ದರೆ ಇದನ್ನು ಬೇರೆ ಯಾರಾದರೂ ಬರೆಯಬೇಕಿತ್ತು.

ಸ್ಟೆಪ್ನಿ ಹಾಕಿಕೊಂಡು ಹತ್ತಿರದ ಪಂಕ್ಚರ್ ಅಂಗಡಿಗೆ ಹೋದೆ. ಅಲ್ಲಿದ್ದ ವಯಸ್ಸಾದ ಅಣ್ಣ ಟೈರನ್ನು ರಿಮ್‌ನಿಂದ ಬಿಡಿಸಿದರು. ಹೆಬ್ಬೆರಳಿನ ಉಗುರಿನಿಂದ ಬಟನ್ ಒತ್ತಿ ನೋಡಿದರು. ಉಗುರು ಇಳಿಯಲಿಲ್ಲ. "ಎಂತ ಮಾರಾಯ್ರೆ, ಇದು ರಬ್ಬರಾ ಕಲ್ಲಾ?" ಅಂದರು. ಹೊಸ ಟೈರ್, ಎರಡು ತಿಂಗಳಾಯಿತಷ್ಟೇ ಅಂದೆ. ಅವರು ಏನೂ ಹೇಳದೆ ಟೈರ್ ಮಗುಚಿ ಹಾಕಿ, ಒಳಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದರು. ಡಿಒಟಿ ಅಂತ ಶುರುವಾಗುವ ಒಂದು ಸಾಲು. ಅದರ ಕೊನೆಯಲ್ಲಿ, ಮೊಟ್ಟೆ ಆಕಾರದ ಗೆರೆಯೊಳಗೆ, 3718. ಅಂದರೆ 2018ರ 37ನೇ ವಾರ. ಸೆಪ್ಟೆಂಬರ್. ಬಟನ್ ನಡುವಿನ ಗೆರೆಯನ್ನು ಎರಡು ಕೈಯಲ್ಲಿ ಅಗಲಿಸಿದರು. ತಳದಲ್ಲಿ ಕೂದಲೆಳೆಯಂತಹ ಬಿರುಕು, ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿದಾಗ ಕಾಣುತ್ತದಲ್ಲ, ಹಾಗೆ.

ಮನೆಗೆ ಬಂದು ಮೊಬೈಲ್ ಟಾರ್ಚ್ ಹಿಡಿದು ಕಾರಿನ ಅಡಿಗೆ ಮಲಗಿ ಉಳಿದ ಮೂರನ್ನೂ ನೋಡಿದೆ. ಒಂದು 3718, ಒಂದು 4018, ಮತ್ತೊಂದು 0917. ಅಂದರೆ 2017ರ 9ನೇ ವಾರದ್ದು, ಅದಕ್ಕೆ ಏಳು ವರ್ಷ ದಾಟಿತ್ತು. ನಾಲ್ಕರಲ್ಲೂ ತಾರೀಖಿನ ಬದಿ ಒಳಗಡೆ. ತಾರೀಖು ಇರುವ ಪೂರ್ತಿ ನಂಬರ್ ಸಾಮಾನ್ಯವಾಗಿ ಒಂದು ಬದಿಯಲ್ಲಿ ಮಾತ್ರ ಇರುತ್ತದೆ, ಇನ್ನೊಂದು ಬದಿಯಲ್ಲಿ ಅರ್ಧ ನಂಬರ್. ಕೆಲವು ಟೈರ್‌ಗಳಲ್ಲಿ ಯಾವ ಬದಿ ಹೊರಗೆ ಬರಬೇಕು ಅಂತ ಕಂಪೆನಿಯೇ ಅಚ್ಚು ಹಾಕಿರುತ್ತದೆ, ಅಲ್ಲಿ ನಂಬರ್ ಒಳಗೆ ಹೋದರೆ ತಪ್ಪಲ್ಲ. ನನ್ನದು ಹೇಗೆ ಹಾಕಿದರೂ ಆಗುವ ಟೈರ್. ನಾಲ್ಕೂ ಒಳಗೆ ಹೋದದ್ದು ಆಕಸ್ಮಿಕ ಅಂತ ನಾನಂತೂ ನಂಬುವುದಿಲ್ಲ.

ಮರುದಿನ ಅಂಗಡಿಗೆ ಹೋದೆ. "ಓಡದ ಟೈರ್ ಹಳತಾಗುವುದು ಹೇಗೆ ಸರ್?" ಅಂತ ನನ್ನನ್ನೇ ಕೇಳಿದರು. ಆಗುತ್ತದೆ. ಓಡಿದರೆ ಸವೆಯುತ್ತದೆ, ಓಡದಿದ್ದರೂ ಗಾಳಿ, ಬಿಸಿಲು, ಸೆಕೆಗೆ ರಬ್ಬರ್ ಗಟ್ಟಿಯಾಗುತ್ತದೆ. ಗಟ್ಟಿ ರಬ್ಬರ್ ಒದ್ದೆ ರಸ್ತೆಯನ್ನು ಕಚ್ಚುವುದಿಲ್ಲ. ತಂಪಾದ, ಕತ್ತಲೆಯ ಗೋದಾಮಿನಲ್ಲಿಟ್ಟರೆ ನಿಧಾನ, ಒಪ್ಪೋಣ. ಇವರ ಸ್ಟಾಕ್ ಇದ್ದದ್ದು ತಗಡಿನ ಶೀಟಿನ ಕೆಳಗೆ, ಪಡುವಣ ಬಿಸಿಲಿಗೆ ಮುಖ ಮಾಡಿ.

ಬಿಲ್ ಇಲ್ಲದ ಕಾರಣ ಜಗಳ ಅಲ್ಲಿಗೇ ಮುಗಿಯಿತು. ಸರಿಯಾದ ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, 5 ಲಕ್ಷದೊಳಗಿನ ವಸ್ತುವಿಗೆ ಶುಲ್ಕವಿಲ್ಲ, 2 ವರ್ಷದೊಳಗೆ ಹೋಗಬೇಕು. ನನ್ನ ತುಂಡು ಚೀಟಿ ಹಿಡಿದುಕೊಂಡು ಎಲ್ಲಿಗೆ ಹೋಗುವುದು? ಉಳಿಸಿದ ದುಡ್ಡಿಗಿಂತ ರಿಮ್, ಬಂಪರ್, ಸಸ್ಪೆನ್ಷನ್ ಕೆಲಸಕ್ಕೆ ಹೋದದ್ದು ಜಾಸ್ತಿ.

ಈ "ಆಲ್ ಸೀಸನ್" ಕಥೆ ಬಿಡಿಸಿ ಹೇಳಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಭಾವ. ವೀಡಿಯೋ ಕಾಲ್‌ನಲ್ಲಿ ಟೈರ್ ತೋರಿಸಿದೆ. ಅದರ ಮೇಲೆ ಎಂ ಪ್ಲಸ್ ಎಸ್ ಅಂತ ಇತ್ತು, ಅಂದರೆ ಕೆಸರು ಮತ್ತು ಹಿಮ. "ಇದು ಪರೀಕ್ಷೆ ಮಾಡಿ ಹಾಕುವ ಗುರುತಲ್ಲ, ಬಟನ್‌ನ ಆಕಾರ ನೋಡಿ ಕಂಪೆನಿಯೇ ಹಾಕಿಕೊಳ್ಳುವುದು" ಅಂದರು. ಹಿಮದಲ್ಲಿ ಪರೀಕ್ಷೆ ಪಾಸಾದ ಟೈರ್‌ಗೆ ಬೇರೆ ಗುರುತು, ಮೂರು ಶಿಖರದ ಬೆಟ್ಟದೊಳಗೆ ಒಂದು ಹಿಮದ ಹೂವು. ಅವರ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ಬರೀ ಎಂ ಪ್ಲಸ್ ಎಸ್ ಇದ್ದರೆ ಅಲ್ಲಿ ನಡೆಯುವುದಿಲ್ಲ. ಅಲ್ಲಿನವರಿಗೆ ಬಾಳಿಕೆಯ ಆಲ್ ಸೀಸನ್ ಟೈರ್ ಆರಿಸುವುದೇ ಒಂದು ತಲೆನೋವು. ಚಳಿ 7 ಡಿಗ್ರಿಗಿಂತ ಇಳಿದಾಗಲೂ ಮೆತ್ತಗಿರಬೇಕು, ಬೇಸಿಗೆಯಲ್ಲಿ ಬೇಗ ಸವೆಯಲೂ ಬಾರದು. ನಮಗೆ ಆ ಸಮಸ್ಯೆಯೇ ಇಲ್ಲ. ನಮ್ಮ ಸೀಸನ್ ಎರಡೇ, ಸೆಕೆ ಮತ್ತು ಸೆಕೆಯ ಜೊತೆ ಮಳೆ. ಹಿಮದ ಗುರುತಿಗೆ ಇಲ್ಲಿ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಭಾವ ಇನ್ನೊಂದು ಸಾಲನ್ನೂ ಓದಿಸಿದರು. ಟ್ರೆಡ್‌ವೇರ್ 600, ಟ್ರ್ಯಾಕ್ಷನ್ ಬಿ. ಮೊದಲನೆಯದು ಬಾಳಿಕೆಯ ಅಂಕಿ, ಹೆಚ್ಚಿದ್ದಷ್ಟೂ ನಿಧಾನ ಸವೆಯುತ್ತದೆ. ಎರಡನೆಯದು ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವ ಶಕ್ತಿ, ಎಎ, ಎ, ಬಿ, ಸಿ ಅಂತ ಇಳಿಯುತ್ತಾ ಹೋಗುತ್ತದೆ. ಬಾಳಿಕೆ ಕೇಳಿದ್ದೆ, ಬಾಳಿಕೆಯೇ ಸಿಕ್ಕಿತ್ತು. ಎಲ್ಲಾ ಟೈರ್ ಮೇಲೆ ಈ ಸಾಲು ಇರುವುದಿಲ್ಲ. ಇದ್ದರೆ ನಮ್ಮ ಊರಿಗೆ ಮೊದಲು ನೋಡಬೇಕಾದದ್ದು ಎರಡನೆಯದು.

ಈಗ ಬೇರೆ ಕಡೆ ಹಾಕಿಸಿದ್ದೇನೆ. ರಿಮ್‌ಗೆ ಏರಿಸುವ ಮೊದಲು ನಾಲ್ಕನ್ನೂ ನೆಲದ ಮೇಲೆ ಸಾಲಾಗಿ ಮಲಗಿಸಿ ಅಂದೆ. ಅಲ್ಲಿಯ ಹುಡುಗ ಸ್ವಲ್ಪ ಗೊಣಗಿದ, ಆದರೂ ಇಟ್ಟ. ನಾಲ್ಕೂ ಅದೇ ವರ್ಷದ್ದು, ಮೂರು ತಿಂಗಳ ಹಿಂದಿನದು. ಒಂದೊಂದರ ಫೋಟೋ ತೆಗೆದೆ, ಪೂರ್ತಿ ನಂಬರನ್ನು ಜಿಎಸ್‌ಟಿ ಬಿಲ್‌ನಲ್ಲಿ ಬರೆಸಿದೆ. ನಂಬರ್ ಹೊರಗೆ ಬರುವ ಹಾಗೆ ಕೂರಿಸಿ ಅಂದೆ. ಆರು ತಿಂಗಳಿಗಿಂತ ಹಳತು ನನಗೆ ಬೇಡ. ಒಂದು ವರ್ಷದವರೆಗೆ ಒಪ್ಪುವವರು ಇದ್ದಾರೆ, ಅದು ಅವರವರ ಇಷ್ಟ.

ಹಳೆಯ ಮೂರನ್ನು ಮನೆಗೆ ತಂದು, ಹ್ಯಾಕ್ಸಾ ಬ್ಲೇಡಿನಲ್ಲಿ ಬದಿ ಕೊಯ್ದು ಹಾಕಿದೆ. ಇಲ್ಲದಿದ್ದರೆ ಅವು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಇನ್ಯಾರದೋ ಕಾರಿಗೆ ಹೋಗುತ್ತಿದ್ದವು. ಗುಜರಿಯವ ಬಂದು ಎತ್ತಿ ನೋಡಿ ಬೇಜಾರು ಮಾಡಿಕೊಂಡ. "ಒಳ್ಳೆ ಬಟನ್ ಉಂಟಲ್ಲ ಸರ್, ಸುಮ್ನೆ ಯಾಕೆ ಹಾಳು ಮಾಡಿದ್ದು?"