ಜೀವನಾಂಶದ ಬಾಕಿ: ಒಂದು ವರ್ಷ ದಾಟಿದರೆ ವಾರಂಟ್ ಹೊರಡದು

ಕೌಟುಂಬಿಕ ನ್ಯಾಯಾಲಯದ ಆದೇಶ: ಗಂಡ ಹೆಂಡತಿಗೆ ತಿಂಗಳಿಗೆ 8,000 ರೂಪಾಯಿ ಜೀವನಾಂಶ ಕೊಡಬೇಕು. ಮೊದಲ ನಾಲ್ಕು ತಿಂಗಳು ಖಾತೆಗೆ ಬಂತು, ಆಮೇಲೆ ನಿಂತಿತು. ಕೇಳಿದಾಗೆಲ್ಲ ‘ಮುಂದಿನ ತಿಂಗಳು ಒಟ್ಟಿಗೇ ಹಾಕ್ತೀನಿ’ ಅನ್ನುವ ವಾಟ್ಸಾಪ್ ಮೆಸೇಜು. ಮನೆಯ ಹಿರಿಯರದ್ದು ‘ಮತ್ತೆ ಕೋರ್ಟು ಕಚೇರಿ ಯಾಕಮ್ಮ, ಕೊಟ್ಟೇ ಕೊಡ್ತಾನೆ ಬಿಡು’ ಅನ್ನುವ ಸಮಾಧಾನ. ಹೀಗೆ ಮೂವತ್ತು ತಿಂಗಳು ಸುಮ್ಮನಿದ್ದು ಆಕೆ ಅರ್ಜಿ ಹಾಕಿದಾಗ ಬಾಕಿ 2,40,000 ರೂಪಾಯಿ. ವಸೂಲಿಗೆ ಕೋರ್ಟಿನ ವಾರಂಟ್ ಹೊರಟಿದ್ದು 96,000ಕ್ಕೆ, ಅಂದರೆ ಕೊನೆಯ ಹನ್ನೆರಡು ತಿಂಗಳ ಬಾಕಿಗೆ ಮಾತ್ರ. ಹೆಸರು, ಊರು ಬದಲಾಗುತ್ತವೆ, ಲೆಕ್ಕ ಮಾತ್ರ ಇದೇ.

ಕಾರಣ ಕಾನೂನಿನಲ್ಲೇ ಇದೆ. ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ 2024ರ ಜುಲೈ 1ರಿಂದ, ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ನೇ ಕಲಂ ಆಗಿದೆ. ನಂಬರು ಬದಲಾದರೂ ಷರತ್ತು ಹಾಗೆಯೇ ಉಳಿದಿದೆ: ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬೀಳದಿದ್ದರೆ ಆ ತಿಂಗಳ ಬಾಕಿಗೆ ವಾರಂಟ್ ಇಲ್ಲ. ಪ್ರತಿ ತಿಂಗಳ ಕಂತಿಗೂ ಅದರದ್ದೇ ಒಂದು ವರ್ಷ. ಉಳಿದ 1,44,000ದ ಮೇಲಿನ ಹಕ್ಕು ಸತ್ತುಹೋಗುವುದಿಲ್ಲ, ನಿಜ. ಆದರೆ ಅದಕ್ಕೆ ಬೇರೆ ಸಿವಿಲ್ ದಾರಿ ಹಿಡಿದು ಮತ್ತೆ ಮೊದಲಿಂದ ಓಡಾಡಬೇಕು. ಅಷ್ಟು ತ್ರಾಣ ಎಷ್ಟು ಜನಕ್ಕೆ ಉಳಿದಿರುತ್ತದೆ?

ಹಾಗಾಗಿ ಎರಡು ಮೂರು ಕಂತು ತಪ್ಪಿದ ಕೂಡಲೇ ಅರ್ಜಿ ಹಾಕಿಬಿಡಿ. ಒಮ್ಮೆ ಗಡುವಿನೊಳಗೆ ಹಾಕಿದ ಅರ್ಜಿ ಕೋರ್ಟಿನಲ್ಲಿ ಇತ್ಯರ್ಥವಾಗದೆ ಇರುವವರೆಗೆ, ಮುಂದೆ ಸೇರುವ ಕಂತುಗಳನ್ನು ಅದರಲ್ಲೇ ಮಧ್ಯಂತರ ಅರ್ಜಿ ಹಾಕಿ ಕೇಳಬಹುದು. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಜನ ಎಡವುವುದು ಇಲ್ಲೇ. ಆತ ಕೋರ್ಟಿಗೆ ಬಂದು 20,000 ಕಟ್ಟಿ ‘ಉಳಿದದ್ದು ಹೊರಗೆ ನೋಡ್ಕೊಳ್ಳೋಣ’ ಅನ್ನುತ್ತಾನೆ, ಈಕೆ ಅರ್ಜಿ ಮುಗಿಸುವ ಮೆಮೊಗೆ ಸಹಿ ಹಾಕುತ್ತಾಳೆ, ಅರ್ಜಿ ಮುಕ್ತಾಯ. ಆರು ತಿಂಗಳಾದ ಮೇಲೆ ಹೊಸ ಅರ್ಜಿ, ಹೊಸ ನೋಟಿಸು, ಮತ್ತೆ ವರ್ಷದ ಎಣಿಕೆ. ಪೂರ್ತಿ ಬಾಕಿ ಖಾತೆಗೆ ಬಂದು ಬೀಳುವವರೆಗೆ ಅರ್ಜಿ ಮುಚ್ಚುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಭಾಗಶಃ ಹಣ ಬಂದರೆ ಅಷ್ಟಕ್ಕೇ ರಸೀದಿ ಕೊಡಿ.

ಮೊದಲು ನಿಮ್ಮ ಆದೇಶ ಯಾವ ಕಲಮಿನಡಿ ಬಂದದ್ದು ಎಂದು ತಲೆಬರಹದಲ್ಲೇ ನೋಡಿಕೊಳ್ಳಿ. 125 ಅಥವಾ 144 ಇದ್ದರೆ ಮೇಲಿನ ದಾರಿ, ಒಂದು ವರ್ಷದ ಗಡುವು. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನ ಶಾಶ್ವತ ಜೀವನಾಂಶವಾಗಿದ್ದರೆ ಅದು ಸಿವಿಲ್ ಡಿಕ್ರಿಯಂತೆ, ಅಂದರೆ ಸಿವಿಲ್ ಕೋರ್ಟಿನ ಅಂತಿಮ ಆದೇಶದಂತೆ, ಜಾರಿಯಾಗುತ್ತದೆ. ಅದಕ್ಕೆ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸುವ) ಅರ್ಜಿ ಹಾಕಬೇಕು, ಪ್ರತಿ ಕಂತು ತಪ್ಪಿದ ದಿನದಿಂದ ಹನ್ನೆರಡು ವರ್ಷ ಕಾಲಾವಕಾಶ. ಹನ್ನೆರಡು ವರ್ಷ, ಹನ್ನೆರಡು ತಿಂಗಳು: ಇವೆರಡನ್ನು ಗೊಂದಲ ಮಾಡಿಕೊಂಡು ಕೆಟ್ಟವರು ಕಡಿಮೆಯಿಲ್ಲ.

ಇನ್ನು ವಾರಂಟ್. ಫೈನ್ ಲೆವಿ ವಾರಂಟ್ (ಬಾಕಿಯನ್ನು ದಂಡದಂತೆ ವಸೂಲು ಮಾಡುವ ವಾರಂಟ್) ಹೊರಟಿತು ಅಂದರೆ ದುಡ್ಡು ಬಂತು ಅಂತಲ್ಲ. ಠಾಣೆಯಿಂದ ಅದು ವಾಪಸ್ ಬರುವಾಗ ಹಿಂಬದಿಯಲ್ಲಿ ಒಂದು ಶರಾ ಇರುತ್ತದೆ: ‘ಸದರಿ ಆಸಾಮಿಯು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ’. ಮುಂದಿನ ದಿನಾಂಕ ಎರಡು ತಿಂಗಳಾಚೆಗೆ. ಆ ದಿನಾಂಕಕ್ಕೂ ಅದೇ ಶರಾ. ಮದುವೆಯಾದಾಗಿನ ಹಳೆಯ ವಿಳಾಸವನ್ನೇ ಅರ್ಜಿಯಲ್ಲಿ ಬರೆದರೆ ಇನ್ನೇನಾದೀತು? ಈಗಿನ ಬಾಡಿಗೆ ಮನೆ, ಕೆಲಸದ ಜಾಗ, ಶಿಫ್ಟಿನ ಹೊತ್ತು, ಗಾಡಿ ನಂಬರು, ಒಂದು ಫೋಟೊ: ಇಷ್ಟನ್ನು ಕೋರ್ಟಿಗೆ ಕೊಟ್ಟು, ವಾರಂಟ್ ಯಾವ ಠಾಣೆಗೆ ಹೋಯಿತು, ಯಾರ ಕೈಗೆ ಸೇರಿತು ಎಂದು ಬೆನ್ನುಹತ್ತಿ. ಪ್ರೊಸೆಸ್ ಫೀ (ವಾರಂಟ್ ಕಳಿಸುವ ಶುಲ್ಕ) ಕಟ್ಟದೆ ವಾರಂಟ್ ಆಫೀಸಿನಲ್ಲೇ ಉಳಿದುಬಿಡುವುದೂ ಇದೆ. ಆತ ಬೇರೆ ಊರಿಗೆ ಹೋಗಿದ್ದಾನೆ ಅನ್ನುವುದು ನೆಪವಾಗದು: ಬಿಎನ್‌ಎಸ್‌ಎಸ್‌ನ 147ನೇ ಕಲಂ ಪ್ರಕಾರ ಆತ ಇರುವ ಕಡೆಯ ಮ್ಯಾಜಿಸ್ಟ್ರೇಟರಿಂದಲೂ ಆದೇಶ ಜಾರಿ ಮಾಡಿಸಬಹುದು.

‘ಒಳಗೆ ಹಾಕಿಸ್ರೀ, ಬುದ್ಧಿ ಬರುತ್ತೆ’ ಅನ್ನುವುದು ಸಹಜ. ಜೈಲು ಒಂದು ತಿಂಗಳವರೆಗೆ, ನಡುವೆ ಹಣ ಕಟ್ಟಿದರೆ ಅಲ್ಲಿಗೇ ಬಿಡುಗಡೆ. ಜೈಲಿಗೆ ಹೋಗಿಬಂದರೆ ಬಾಕಿ ತೀರಿತು ಎಂದು ಹೆದರಿಸುವವರ ಮಾತು ಸುಳ್ಳು, ಸುಪ್ರೀಂ ಕೋರ್ಟ್ 1988ರಲ್ಲೇ ಅದನ್ನು ತಳ್ಳಿಹಾಕಿದೆ. ಆದರೆ ಸಂಬಳದವನನ್ನು ಜೈಲಿಗೆ ಕಳಿಸಿ ಅವನ ಕೆಲಸ ಹೋದರೆ ನಷ್ಟ ಯಾರಿಗೆ? ಸಂಬಳ ಜಪ್ತಿ ಮೊದಲು ಕೇಳಿ ಅನ್ನುವುದು ನಮ್ಮ ಸಲಹೆ. ಜೀವನಾಂಶದ ಆದೇಶವನ್ನು ಸಿವಿಲ್ ಹಣದ ಡಿಕ್ರಿಯಂತೆಯೇ ಜಾರಿ ಮಾಡಬಹುದು ಎಂದು 2020ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತದೆ. ಮಾಮೂಲಿ ಸಾಲದ ಡಿಕ್ರಿಯಲ್ಲಿ ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಯಲ್ಲಿ ಲೆಕ್ಕ ತಿರುಗುಮುರುಗು: ಮೂರನೇ ಒಂದು ಭಾಗಕ್ಕಷ್ಟೇ ರಕ್ಷಣೆ. ಅಂದರೆ 45,000 ಸಂಬಳದಲ್ಲಿ 30,000ದವರೆಗೆ ಜಪ್ತಿಗೆ ಸಿಗುತ್ತದೆ. ಜಪ್ತಿ ಆದೇಶ ತಲುಪಿದ ಮೇಲೂ ಪೂರ್ತಿ ಸಂಬಳ ಕೊಟ್ಟರೆ ಆ ಮೊತ್ತಕ್ಕೆ ಮಾಲೀಕರೇ ಹೊಣೆ. ಕಂಪನಿಯ ಪೂರ್ತಿ ಹೆಸರು, ಸಂಬಳ ಬಟವಾಡೆ ಮಾಡುವ ಅಧಿಕಾರಿಯ ವಿಳಾಸ, ನೌಕರನ ನಂಬರು ಅರ್ಜಿಯಲ್ಲಿರಲಿ. ಕೆಲಸ ಬದಲಾಯಿಸಿದರೆ ಹೊಸ ಆದೇಶ ಬೇಕು.

ಪರಸ್ಪರ ಒಪ್ಪಿಗೆಯ ವಿಚ್ಛೇದನದವರಿಗೆ ಒಂದು ಮಾತು. ‘ಅನುಕೂಲ ನೋಡಿಕೊಂಡು ಮಗುವನ್ನು ಭೇಟಿ ಮಾಡತಕ್ಕದ್ದು’ ಎಂದು ರಾಜಿಪತ್ರದಲ್ಲಿ ಬರೆಸಿಕೊಂಡರೆ ಅದು ಜಾರಿಗೆ ಬಾರದ ಕಾಗದ. ಜಾರಿ ಮಾಡುವ ಕೋರ್ಟು ಡಿಕ್ರಿಯಲ್ಲಿಲ್ಲದ್ದನ್ನು ಹೊಸದಾಗಿ ಸೇರಿಸಲಾರದು. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಲ್ಲಿ ಒಪ್ಪಿಸಬೇಕು, ರಜೆಯಲ್ಲಿ ಯಾರ ಬಳಿ, ಹಣವಾದರೆ ಯಾವ ತಾರೀಖಿಗೆ ಯಾವ ಖಾತೆಗೆ, ತಪ್ಪಿದರೆ ಬಡ್ಡಿ ಎಷ್ಟು: ಎಲ್ಲ ಡಿಕ್ರಿಯ ಭಾಗವಾಗಲಿ. ಮಗು ತೋರಿಸಲಿಲ್ಲವೆಂದು ಜೀವನಾಂಶ ನಿಲ್ಲಿಸುವುದು, ಹಣ ಬರಲಿಲ್ಲವೆಂದು ಮಗುವನ್ನು ತಡೆಯುವುದು, ಎರಡೂ ಕೋರ್ಟಿನ ಮುಂದೆ ನಿಲ್ಲುವುದಿಲ್ಲ. ಹಾಗೆ ಮಾಡಿದವರ ಮೇಲೆಯೇ ಅರ್ಜಿ ಬೀಳುತ್ತದೆ.

ಕಟ್ಟುವವರಿಗೂ ಎಚ್ಚರಿಕೆ ಇದೆ. ಸಿವಿಲ್ ಡಿಕ್ರಿಯ ಹಣವನ್ನು ಹೊರಗೆ ನಗದಾಗಿ ಕೊಟ್ಟು ಕೋರ್ಟಿನಲ್ಲಿ ದಾಖಲಿಸದಿದ್ದರೆ, ಜಾರಿ ಮಾಡುವ ಕೋರ್ಟು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾಖಲಿಸಲು ಇರುವುದು ಮೂವತ್ತು ದಿನ. ಬ್ಯಾಂಕಿನಿಂದಲೇ ಕಟ್ಟಿ, ವಿವರಣೆಯಲ್ಲಿ ತಿಂಗಳ ಹೆಸರು ಬರೆಯಿರಿ.

ವಕೀಲರ ಫೀಸಿಗೆ ಹೆದರಿ ವರ್ಷ ಕಳೆಯುವವರು ಬಹಳ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100. ಹೋಗುವಾಗ ಆದೇಶದ ದೃಢೀಕೃತ ನಕಲು, ಬ್ಯಾಂಕ್ ಪಾಸ್‌ಪುಸ್ತಕ, ಯಾವ ತಿಂಗಳು ಬಂತು ಯಾವುದು ಬರಲಿಲ್ಲ ಎಂಬ ಒಂದು ಹಾಳೆ ಜೊತೆಗಿರಲಿ.