ರೇಡ್‌ನಿಂದ ಬೂಟ್ ಆಗುವ ಯಂತ್ರದಲ್ಲಿ ಎಂಡಿಆಡ್ಮ್: ಒಂದು ವಿಮರ್ಶೆ

ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಮೇಲೆ ರೂಟ್ ಫೈಲ್‌ಸಿಸ್ಟಂ, ಅಂದರೆ ಯಂತ್ರ ಏಳಲು ಬೇಕಾದ ಮುಖ್ಯ ಕಡತವ್ಯವಸ್ಥೆ, ಇಟ್ಟ ಹಲವರು ಕಂಡಿರುವ ತೊಂದರೆಯೊಂದಿದೆ. ನಿನ್ನೆ ಸರಿಯಾಗಿ ಎದ್ದ ಯಂತ್ರ, ಯಾವ ಬದಲಾವಣೆಯನ್ನೂ ಮಾಡದಿದ್ದರೂ, ಇಂದು ರೂಟ್ ಸಾಧನ ಸಿಗಲಿಲ್ಲವೆಂದು ತುರ್ತು ಶೆಲ್‌ನಲ್ಲಿ ನಿಲ್ಲುತ್ತದೆ. ಮತ್ತೊಮ್ಮೆ ರೀಬೂಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತದೆ. ಈ ತೊಂದರೆಯನ್ನು ಎಂಡಿಆಡ್ಮ್ (mdadm), ಅಂದರೆ ಲಿನಕ್ಸ್‌ನ ರೇಡ್ ನಿರ್ವಹಿಸುವ ಉಪಕರಣ, ಎಷ್ಟರಮಟ್ಟಿಗೆ ಬಗೆಹರಿಸುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೂಲ ಕಾರಣ ಡ್ರೈವರ್‌ಗಳ ರೇಸ್ ಕಂಡೀಷನ್, ಅಂದರೆ ಯಾವುದು ಮೊದಲು ಮುಗಿಯುತ್ತದೆ ಎಂಬುದರ ಮೇಲೆ ಫಲಿತಾಂಶ ಬದಲಾಗುವ ಸ್ಥಿತಿ. ಕರ್ನಲ್ 2.6.19ರಲ್ಲಿ ಡಿಸ್ಕುಗಳನ್ನು ನಿಭಾಯಿಸುವ ಸ್ಕಸಿ ಪದರಕ್ಕೆ ಅಸಿಂಕ್ರನಸ್ ಸ್ಕ್ಯಾನ್ (ಹಿನ್ನೆಲೆಯಲ್ಲಿ ನಡೆಯುವ ಹುಡುಕಾಟ) ಬಂದ ಮೇಲೆ, ಡ್ರೈವರ್ ಲೋಡ್ ಆಯಿತೆಂದ ಮಾತ್ರಕ್ಕೆ ಡಿಸ್ಕುಗಳು ಕಾಣಿಸಿಕೊಂಡಿವೆ ಎಂದು ಹೇಳುವಂತಿಲ್ಲ; ಒಂದಾದ ಮೇಲೊಂದು ಸುತ್ತತೊಡಗುವ ಹಾರ್ಡ್‌ಡಿಸ್ಕುಗಳಿದ್ದರೆ ಅಂತರ ಇನ್ನೂ ಹಿಗ್ಗುತ್ತದೆ. ಬೂಟ್ ಸ್ಕ್ರಿಪ್ಟ್ ಆ ಹೊತ್ತಿನಲ್ಲಿ ಒಮ್ಮೆ ಮಾತ್ರ ಜೋಡಣೆಗೆ ಪ್ರಯತ್ನಿಸಿದರೆ ಆರೇ (ರೇಡ್‌ನಲ್ಲಿ ಒಂದಾಗಿಸಿದ ಡಿಸ್ಕುಗಳ ಸಮೂಹ) ಸಿದ್ಧವಾಗದು. ಅದಕ್ಕಿಂತ ಕೆಟ್ಟದ್ದೆಂದರೆ ಮಿರರ್‌ನ (ಒಂದೇ ದತ್ತಾಂಶದ ಪ್ರತಿಯನ್ನು ಪ್ರತಿ ಡಿಸ್ಕಿನಲ್ಲೂ ಇಡುವ ಆರೇಯ) ಅರ್ಧಭಾಗವಷ್ಟೇ ಶುರುವಾಗಿ ಅದರ ಮೇಲೆ ಬರವಣಿಗೆ ನಡೆದುಬಿಡುವುದು: ಆಗ ತಡವಾಗಿ ಬಂದ ಡಿಸ್ಕು ಏನೂ ಕೆಟ್ಟಿರದಿದ್ದರೂ ಹಳತಾಗುತ್ತದೆ, ಮುಂದಿನ ಜೋಡಣೆಯಲ್ಲಿ ಕರ್ನಲ್ ಅದನ್ನು ಹೊರಗಿಡುತ್ತದೆ. ಕರ್ನಲ್‌ನೊಳಗಿನ ಆಟೋಡಿಟೆಕ್ಟ್ ಎಲ್ಲ ಸಾಧನಗಳ ಪ್ರೋಬ್ ಮುಗಿಯುವವರೆಗೆ ಕಾಯುತ್ತದೆಯಾದರೂ ಅದು ಹಳೆಯ 0.90 ಆವೃತ್ತಿಯ ಮೆಟಾಡೇಟಾಕ್ಕೆ (ಡಿಸ್ಕಿನಲ್ಲೇ ಬರೆದಿಡುವ ಆರೇ ವಿವರಕ್ಕೆ) ಮಾತ್ರ ಅನ್ವಯಿಸುತ್ತದೆ. ಈಗಿನ ಡೀಫಾಲ್ಟ್ ಆದ 1.2ರ ಹೊಣೆ ಇನಿಟ್‌ರಾಮ್‌ಎಫ್‌ಎಸ್‌ನದ್ದು, ಅಂದರೆ ರೂಟ್ ಸಿಗುವ ಮೊದಲು ಮೆಮೊರಿಯಲ್ಲಿ ನಡೆಯುವ ಪುಟ್ಟ ತಾತ್ಕಾಲಿಕ ವ್ಯವಸ್ಥೆಯದ್ದು.

ರೂಟ್‌ಡಿಲೇ ಎಂಬ ಬೂಟ್ ನಿಯತಾಂಕಕ್ಕೆ ಹತ್ತೋ ಇಪ್ಪತ್ತೋ ಸೆಕೆಂಡು ಕೊಟ್ಟು ಕೈತೊಳೆದುಕೊಳ್ಳುವುದು ಬಹುಕಾಲದ ರೂಢಿ. ಅದನ್ನು ಪರಿಹಾರವೆಂದು ನಾನು ಒಪ್ಪಲಾರೆ. ಅದು ಅಂದಾಜು, ಹೊಸ ಡಿಸ್ಕೊಂದು ಸೇರಿದ ದಿನವೇ ಸುಳ್ಳಾಗಬಹುದು. ಸ್ಕಸಿ ಸ್ಕ್ಯಾನನ್ನು ಸಿಂಕ್ರನಸ್ ಮಾಡುವ ನಿಯತಾಂಕ ರೋಗಪತ್ತೆಗೆ ಉಪಯುಕ್ತ: ಅದನ್ನು ಕೊಟ್ಟಾಗ ತೊಂದರೆ ಮಾಯವಾದರೆ ಸಂಶಯ ರೇಸ್‌ನತ್ತ ಗಟ್ಟಿಯಾಗುತ್ತದೆ.

ಎಂಡಿಆಡ್ಮ್ ಹಿಡಿದಿರುವ ದಾರಿ ಇವೆರಡಕ್ಕಿಂತ ಸಮರ್ಪಕವಾದದ್ದು. ಪ್ರತಿ ಡಿಸ್ಕು ಕಾಣಿಸಿಕೊಂಡಾಗಲೂ ಯುಡೆವ್ (ಹೊಸ ಸಾಧನಗಳನ್ನು ಗಮನಿಸುವ ಸೇವೆ) ನಿಯಮವೊಂದು ಎಂಡಿಆಡ್ಮ್ ಅನ್ನು ಇನ್‌ಕ್ರಿಮೆಂಟಲ್ ಕ್ರಮದಲ್ಲಿ ಕರೆಯುತ್ತದೆ; ಅದು ಸದಸ್ಯನನ್ನು ಆರೇಗೆ ಸೇರಿಸಿ, ನಿರೀಕ್ಷಿತ ಸದಸ್ಯರೆಲ್ಲ ಬಂದ ಮೇಲಷ್ಟೇ ಚಾಲನೆ ಕೊಡುತ್ತದೆ. ಯಾರು ಮೊದಲು ಬಂದರು ಎಂಬ ಪ್ರಶ್ನೆಯೇ ಇಲ್ಲವಾದ ಕಾರಣ ರೇಸ್‌ಗೆ ಅವಕಾಶ ಉಳಿಯುವುದಿಲ್ಲ. ನಿಜಕ್ಕೂ ಸತ್ತ ಡಿಸ್ಕಿಗಾಗಿ ಯಂತ್ರ ಕೊನೆಯಿಲ್ಲದೆ ಕಾಯಬಾರದಷ್ಟೇ. ಅದಕ್ಕಾಗಿ ಸಿಸ್ಟಂಡಿ (ಬೂಟ್ ಮತ್ತು ಸೇವೆಗಳನ್ನು ನಡೆಸುವ ವ್ಯವಸ್ಥೆ) ಇರುವಲ್ಲಿ ಲಾಸ್ಟ್-ರೆಸಾರ್ಟ್ ಎಂಬ ಟೈಮರ್ 30 ಸೆಕೆಂಡು ನೋಡಿ, ಇದ್ದಷ್ಟರಲ್ಲೇ ಆರೇಯನ್ನು ಎಬ್ಬಿಸುತ್ತದೆ.

ನನ್ನ ಆಕ್ಷೇಪಣೆ ಇರುವುದು ಈ ಕೊನೆಯ ಹಂತದ ಬಗ್ಗೆ. ಎಷ್ಟು ಹೊತ್ತು ಕಾಯಬೇಕೆಂಬ ಮೂಲಭೂತ ನಿರ್ಧಾರ ಒಂದೇ ಕಡೆ ಇಲ್ಲ. ಇನಿಟ್‌ರಾಮ್‌ಎಫ್‌ಎಸ್ ಕಟ್ಟಲು ಡ್ರಾಕಟ್ ಎಂಬ ಉಪಕರಣ ಬಳಸುವ ಡಿಸ್ಟ್ರೋಗಳಲ್ಲಿ ಸಾಧನಗಳಿಗಾಗಿ ಕಾಯುವ ಡೀಫಾಲ್ಟ್ ಅವಧಿ 180 ಸೆಕೆಂಡು, ಅದರ ಮೂರರಲ್ಲಿ ಎರಡು ಪಾಲು ಕಳೆದ ಮೇಲೆ ಅಪೂರ್ಣ ಆರೇಗಳನ್ನು ಬಲವಂತವಾಗಿ ಎಬ್ಬಿಸಲಾಗುತ್ತದೆ. ಅದೇ ಕೆಲಸದ ಡೆಬಿಯನ್‌ನ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ತನ್ನದೇ ಸ್ಕ್ರಿಪ್ಟಿನ ಲೆಕ್ಕದಲ್ಲಿ ನಡೆಯುತ್ತದೆ. ಕೆಲಸ ಒಂದೇ, ಗಡಿಯಾರಗಳು ಬೇರೆ ಬೇರೆ. ಪರದೆ ಇಲ್ಲದ ಸರ್ವರ್‌ನಲ್ಲಿ ಅರ್ಧ ಮಿರರ್‌ನಿಂದ ಬೂಟ್ ಆದದ್ದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದಿರಬಹುದು. ಎಂಡಿಆಡ್ಮ್‌ನ ಮಾನಿಟರ್ ಎಂಬ ಕಾವಲು ಕ್ರಮ ಇಮೇಲ್ ಕಳಿಸಬಲ್ಲದು, ಆದರೆ ವಿಳಾಸ ಕೊಟ್ಟು ಯಂತ್ರದಿಂದ ಅಂಚೆ ಹೊರಡುವಂತೆ ಮಾಡುವ ಕೆಲಸ ನಿಮ್ಮದೇ.

ಎರಡು ಡಿಸ್ಕಿನ ಮನೆಯ ಸರ್ವರ್‌ಗೆ ಡೀಫಾಲ್ಟ್‌ಗಳೇ ಸಾಕು. ಇಂಥ ಬಳಕೆಗೆ ಎಂಡಿಆಡ್ಮ್ ಅನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಕಂಟ್ರೋಲರ್‌ಗೆ ಹತ್ತಾರು ಡಿಸ್ಕು ತೂಗುಹಾಕಿದವರು ಕಾಯುವ ಅವಧಿಯನ್ನು ಹೆಚ್ಚಿಸಲಿ, ರೈಟ್-ಇಂಟೆಂಟ್ ಬಿಟ್‌ಮ್ಯಾಪ್ ಇರಿಸಿಕೊಳ್ಳಲಿ. ಅದಿದ್ದರೆ ಹೊರಬಿದ್ದ ಡಿಸ್ಕನ್ನು ಮರಳಿ ಸೇರಿಸುವಾಗ ಬದಲಾದ ಭಾಗಗಳು ಮಾತ್ರ ನಕಲಾಗುತ್ತವೆ. ಸಂರಚನೆಯ ಕಡತ ತಿದ್ದಿದ ಮೇಲೆ ಇನಿಟ್‌ರಾಮ್‌ಎಫ್‌ಎಸ್ ಅನ್ನು ಮರುನಿರ್ಮಿಸದಿದ್ದರೆ ಬೂಟ್ ಹೊತ್ತಿನಲ್ಲಿ ಓದಲ್ಪಡುವುದು ಹಳೆಯ ಪ್ರತಿಯೇ.