ಹಳೇ ಮಾಳಿಗೆ ಮನೆಯೊಳಗೆ ಕಬ್ಬಿಣದ ಒಲೆ ಕೂಡಿಸುವ ಮೊದಲು ಇದನ್ನು ಓದಿ

ಹೋದ ಡಿಸೆಂಬರಿನಲ್ಲಿ ನಮ್ಮವ್ವ, ಅಕ್ಕ ಇಬ್ಬರೂ ಮಲಗಿದಲ್ಲೇ ಹೋಗಿಬಿಡುತ್ತಿದ್ದರು. ನಾನು ತಂದ ಒಲೆಯಿಂದ. ಪರಿಚಯದವರೊಬ್ಬರು ಮೊನ್ನೆ ಅಂಥದ್ದೇ ಒಲೆಗೆ ಮುಂಗಡ ಕೊಟ್ಟು ಬಂದೆ ಅಂದರು, ಕೇಳಿ ಎದೆ ಧಸಕ್ಕೆಂದಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಆಳಂದ ಕಡೆಯ ಹಳ್ಳಿಯಲ್ಲಿದೆ. ಅಜ್ಜನ ಕಾಲದ್ದು. ಕಲ್ಲಿನ ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಗ್ಯಾಸ್ ಇದೆ, ಆದರೆ ಅವ್ವನಿಗೆ ಜೋಳದ ರೊಟ್ಟಿ ಕಟ್ಟಿಗೆ ಉರಿಯ ಮೇಲೇ ಆಗಬೇಕು. ಹೊಲದಲ್ಲಿ ತೊಗರಿ ಕಟ್ಟಿಗೆಗೆ ಬರವಿಲ್ಲ. ಹೊಗೆಗೆ ಅವಳು ಕೆಮ್ಮುವುದನ್ನು ನೋಡಲಾಗದೆ ಕಲಬುರಗಿಯ ಒಂದು ಅಂಗಡಿಯಲ್ಲಿ ಬಾಗಿಲಿರುವ ಕಬ್ಬಿಣದ ಒಲೆ ಕೊಂಡೆ, ಹಳೇ ಒಲೆಯ ಗೂಡಿನೊಳಗೆ ಸರಿಸಿ ಕೂಡಿಸುವಂಥದ್ದು, 14,000 ರೂಪಾಯಿ. ಅಂಗಡಿಯವರು ಗೂಡಿನ ಅಗಲ, ಎತ್ತರ ಕೇಳಿದರು. ಮಾಳಿಗೆ ಎಂಥದ್ದು, ಕೊಳವೆ ಎಲ್ಲಿಂದ ಹೊರಗೆ ಹೋಗುತ್ತದೆ, ಏನು ಉರಿಸುತ್ತೀರಿ ಅಂತ ಒಂದು ಮಾತೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಒಲೆಯ ಹೊಗೆಬಾಯಿ 5 ಇಂಚು ಇತ್ತು. ನಮ್ಮ ಗೌಂಡಿ ಹತ್ತಿರ ಇದ್ದದ್ದು 3 ಇಂಚಿನ ಪೈಪು. "ಹೊಗಿಗಿ ಎಷ್ಟ್ ಜಾಗ ಬೇಕ್ರಿ, ಸಾಕಾಗ್ತದ" ಅಂದ, ನಾನು ಹೂಂ ಅಂದೆ. ನೋಡಲು ಎರಡೇ ಇಂಚು ಕಮ್ಮಿ, ಆದರೆ ಲೆಕ್ಕ ಹಾಕಿ ನೋಡಿ, ಹೊಗೆಗೆ ಉಳಿಯುವ ದಾರಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಷ್ಟೇ. ಮೇಲೆ ತೊಲೆ ಅಡ್ಡ ಬಂತು ಅಂತ ಎರಡು ಕಡೆ ಪೈಪು ತಿರುಗಿಸಿದ. ಕೊನೆಗೆ ಅದನ್ನು ಗೋಡೆಯಿಂದ ಹೊರಗೆ ಹಾಕಿ, ಕುಂಬಿಯ, ಅಂದರೆ ಮಾಳಿಗೆಯ ಅಂಚಿನ ಗಿಡ್ಡ ಗೋಡೆಯ, ಕೆಳಗೇ ನಿಲ್ಲಿಸಿದ. ಗಾಳಿ ಆ ಕಡೆಯಿಂದ ಬೀಸಿದರೆ ಹೊಗೆ ಒಳಗೇ ವಾಪಸ್ ಬರುತ್ತಿತ್ತು.

ಇದಕ್ಕಿಂತ ದೊಡ್ಡ ತಪ್ಪು ಬೆಳಕಿಂಡಿಯದ್ದು. ಅಜ್ಜ ಒಲೆಯ ನೆತ್ತಿಗೇ ಬೆಳಕಿಂಡಿ ಬಿಡಿಸಿದ್ದ. ಮಳೆಗಾಲದಲ್ಲಿ ಸೋರುತ್ತದೆ ಅಂತ ಹಿಂದಿನ ವರ್ಷ ಅದರ ಮೇಲೆ ಬಂಡೆ ಇಟ್ಟು ಸಿಮೆಂಟ್ ಮೆತ್ತಿಸಿದ್ದೆವು. ಬೆಂಕಿ ಉರಿಯಬೇಕಾದರೆ ಹೊರಗಿನ ಗಾಳಿ ಒಳಗೆ ಬರಬೇಕು, ಕೆಟ್ಟ ಗಾಳಿ ಹೊರಗೆ ಹೋಗಬೇಕು. ನಮ್ಮ ಅಡುಗೆಮನೆಯಲ್ಲಿ ಎರಡಕ್ಕೂ ದಾರಿ ಉಳಿದಿರಲಿಲ್ಲ.

ಅವತ್ತು ಚಳಿ ಜಾಸ್ತಿ ಇತ್ತು. ತೊಗರಿ ಕಟ್ಟಿಗೆ ಬೇಗ ಉರಿದು ಬೂದಿಯಾಗುತ್ತದೆ ಅಂತ ಅಕ್ಕ ಹಸಿ ಜಾಲಿ ಕೊರಡು ಹಾಕಿದ್ದಳು. ರಾತ್ರಿ ಊಟ ಆದ ಮೇಲೆ ಕೆಂಡ ಹಾಗೇ ಬಿಟ್ಟು, ಬೆಚ್ಚಗಿರುತ್ತದೆ ಅಂತ ಒಲೆಯ ಗಾಳಿ ಬಾಗಿಲನ್ನು ಪೂರ್ತಿ ಮುಚ್ಚಿ, ಕಿಟಕಿಯನ್ನೂ ಹಾಕಿಕೊಂಡು ಅವ್ವ, ಅಕ್ಕ ಅಲ್ಲೇ ಮಲಗಿದರು. ನಾನು ಪಡಸಾಲೆಯಲ್ಲಿದ್ದೆ. ಬೆಳಗಿನ ಜಾವ ಅಕ್ಕ ಬಾಗಿಲಿಗೆ ಕೈ ಬಡಿದ ಸದ್ದಾಯಿತು. ತೆಗೆದು ನೋಡಿದರೆ ಅವಳು ಹೊಸ್ತಿಲ ಮೇಲೆ ಬಿದ್ದಿದ್ದಾಳೆ, ವಾಂತಿ ಆಗಿದೆ. "ತಲಿ ಸಿಡಿಯಾಕತ್ತದ, ಅವ್ವ ಏಳವಲ್ಲಳು" ಅಂದಳು. ಕೋಣೆಯಲ್ಲಿ ಕಣ್ಣಿಗೆ ಕಾಣುವಂಥ ಹೊಗೆ ಇರಲಿಲ್ಲ. ಅದನ್ನೇ ನಾನು ಮತ್ತೆ ಮತ್ತೆ ಹೇಳುತ್ತೇನೆ, ಹೊಗೆ ಇರಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಕಾರ್ಬನ್ ಮೊನಾಕ್ಸೈಡ್ ಅಂದರು ಡಾಕ್ಟರು. ಗಾಳಿ ಸಾಲದೆ ಉರಿಯುವ ಕಟ್ಟಿಗೆ, ಕೆಂಡದಿಂದ ಹುಟ್ಟುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಅವ್ವ ಎರಡು ದಿನ ಬಿಟ್ಟು ಮನೆಗೆ ಬಂದಳು. ದೇವರು ದೊಡ್ಡವನು.

ಆಮೇಲೆ ಪೈಪು ಬಿಚ್ಚಿಸಿದೆವು. ಒಳಗೆ ಡಾಂಬರಿನಂಥ ಮಸಿ ಗಟ್ಟಿಯಾಗಿ ಕೂತಿತ್ತು. ಹಸಿ ಕಟ್ಟಿಗೆಯ ಹೊಗೆ ಪೈಪಿನಲ್ಲಿ ತಣ್ಣಗಾದರೆ ಹೀಗೆ ಮೆತ್ತಿಕೊಳ್ಳುತ್ತದೆ, ಅದಕ್ಕೇ ಬೆಂಕಿ ಹತ್ತಬಹುದು. ಪೈಪಿನಿಂದ ಒಂದು ಗೇಣು ದೂರದ ಜಂತಿ ಕರ್ರಗೆ ಸೀದಿತ್ತು. ಇನ್ನೊಂದು ಚಳಿಗಾಲ ಕಳೆದಿದ್ದರೆ ಮಾಳಿಗೆಯೇ ಹತ್ತಿಕೊಳ್ಳುತ್ತಿತ್ತೇನೋ. ಉರಿಯ ಕೆಳಗೆ ಹಾಕಿದ್ದ ಶಹಾಬಾದ್ ಕಲ್ಲು ಕೂಡ ಪದರ ಬಿಟ್ಟು ಒಡೆದಿತ್ತು. ನೆಲಕ್ಕೆ ಅದು ಚೆನ್ನ, ಬೆಂಕಿಗೆ ಶಾಖ ತಡೆಯುವ ಇಟ್ಟಿಗೆಯೇ ಬೇಕು.

ಇಂಥ ಒಲೆ ನೋಡುತ್ತಿದ್ದರೆ ಮೊದಲು ಮಾಳಿಗೆ ಹತ್ತಿ ನೋಡಿ, ಅಂಗಡಿಗೆ ಆಮೇಲೆ ಹೋಗಿ. ಪೈಪು ಒಲೆಯ ಬಾಯಿಗಿಂತ ಸಣ್ಣದು ಬೇಡ, ಆದಷ್ಟು ನೆಟ್ಟಗೆ ಮೇಲಕ್ಕೇ ಹೋಗಲಿ, ಮಾಳಿಗೆಯಿಂದ ಕಮ್ಮಿ ಅಂದರೂ 3 ಅಡಿ ಮೇಲೆ ನಿಲ್ಲಲಿ, ಹತ್ತಿರ ಕುಂಬಿ ಇದ್ದರೆ ಅದಕ್ಕಿಂತಲೂ ಎತ್ತರಕ್ಕೆ. ಒಂದೇ ಪದರದ ಪೈಪಿಗೂ ಕಟ್ಟಿಗೆಯ ತೊಲೆ, ಜಂತಿಗೂ ನಡುವೆ 18 ಇಂಚು ಬಿಡಿಸಿ. ಗೌಂಡಿ "ಏನಾಗಲ್ರಿ" ಅಂದರೆ ಕೆಲಸ ನಿಲ್ಲಿಸಿ. ಹಸಿ ಕಟ್ಟಿಗೆಯನ್ನು ಸೀಳಿ ಒಂದು ಬೇಸಿಗೆ ಪೂರ್ತಿ ಒಣಗಿಸದೆ ಒಳಗೆ ತರಬೇಡಿ. ಕೆಂಡ ಇರುವ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ, ಒಂದು ರಾತ್ರಿ ಅಲ್ವಾ ಅನ್ನಬೇಡಿ. ಕಾರ್ಬನ್ ಮೊನಾಕ್ಸೈಡ್ ಇದ್ದರೆ ಕೂಗುವ ಅಲಾರಂ ಸಿಗುತ್ತದೆ, ಬ್ಯಾಟರಿಯದ್ದು, ಅದನ್ನು ತರಿಸಿ. ಹೊಗೆಯ ಅಲಾರಂ ಬೇರೆ, ಅದು ಇದಕ್ಕೆ ಕೂಗುವುದಿಲ್ಲ.

ಅಂಗಡಿಯವರು ಒಲೆ ವಾಪಸ್ ತೆಗೆದುಕೊಳ್ಳಲಿಲ್ಲ. ಅದನ್ನು ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ಇಟ್ಟಿದ್ದೇವೆ, ಮೂರು ಕಡೆ ಬಯಲು. ಅವ್ವ ಅಲ್ಲೇ ರೊಟ್ಟಿ ಬಡಿಯುತ್ತಾಳೆ. ಬೆಳಕಿಂಡಿಯ ಬಂಡೆ ಒಡೆಸಿ, ಮಳೆ ಬೀಳದ ಹಾಗೆ ಮೇಲೆ ಎತ್ತರಿಸಿದ ತಗಡು ಕೂಡಿಸಿದ್ದೇವೆ.